ಹಾಸಿ ಕೊಟ್ಟ ಮಂಚ

…ಅಥವಾ ಗೋತ್ರ ಕೇಳಿದ್ದು ಫೋನಿನಲ್ಲಿ ಅಲ್ಲ, ಅವರ ಮನೆಯ ಬಾಗಿಲಲ್ಲಿ ನಾನು ಶೂ ಬಿಚ್ಚುತ್ತಿದ್ದಾಗ ಇರಬೇಕು. ಫೋನಿನಲ್ಲಾದರೆ ನಾನು ಆಫೀಸಿನ ಕಾರ್ ಪಾರ್ಕಿನಲ್ಲಿ ನಿಂತಿದ್ದೆ. ಬಾಗಿಲಲ್ಲಾದರೆ ಬಗ್ಗಿ ಲೇಸಿನ ಗಂಟು ಬಿಡಿಸುತ್ತಿದ್ದೆ. ಎರಡು ಚಿತ್ರಗಳೂ ನನ್ನ ಬಳಿ ಇವೆ. ಎರಡರಲ್ಲೂ ಆ ಹೆಂಗಸಿನ ದನಿ ಒಂದೇ, ಪ್ರಶ್ನೆ ಒಂದೇ, ನನ್ನ ಉತ್ತರವೂ ಒಂದೇ. ಒಂದೇ ಮಾತು ಎರಡು ಕಡೆ ಆಗಿರಲಾರದು. ಎರಡರಲ್ಲಿ ಒಂದನ್ನು ನಾನು ಆಮೇಲೆ ಕಟ್ಟಿಕೊಂಡಿದ್ದೇನೆ. ಒಂದನ್ನು ಕಟ್ಟಿಕೊಂಡವನು ಎರಡನ್ನೂ ಕಟ್ಟಿಕೊಂಡಿರಬಹುದು.

ಇದು ಇಷ್ಟು ತಲೆ ಕೆಡಿಸಿಕೊಳ್ಳುವ ವಿಷಯವೇ ಎಂದರೆ, ಹೌದು. ಅವರು ನನ್ನ ಗೋತ್ರ ಕೇಳಿದ್ದರೆ ನಮಗೆ ಆ ದಿನ ಬಿಟ್ಟಿಯಾಗಿ ಸಿಕ್ಕಿದ್ದು ಬೇರೆ ಏನೋ. ಕೇಳದೇ ಇದ್ದರೆ ಅದು ಒಂದು ಹಳೆಯ ಮಂಚ, ಅಷ್ಟೇ. ಈ ಎರಡರಲ್ಲಿ ಯಾವುದು ಎಂದು ನನ್ನ ಹೆಂಡತಿಗೆ ತಿಳಿಯಬೇಕಿತ್ತು. ನನ್ನಿಂದ ಅವಳು ಬೇರೇನನ್ನೂ ಕೇಳಲಿಲ್ಲ.

ಸಿಡ್ನಿಗೆ ಬಂದ ಹೊಸತು. ಗಿರಾವೀನ್‌ನಲ್ಲಿ ಎರಡು ಕೋಣೆಯ ಯೂನಿಟ್ ಬಾಡಿಗೆಗೆ ಹಿಡಿದಿದ್ದೆವು. ಮಲಗುತ್ತಿದ್ದುದು ಗಾಳಿ ತುಂಬುವ ಹಾಸಿಗೆಯ ಮೇಲೆ. ಬೆಳಗಾಗುವಷ್ಟರಲ್ಲಿ ಅದರ ಗಾಳಿಯೆಲ್ಲ ಹೋಗಿ ಬೆನ್ನಿಗೆ ನೆಲ ತಾಗುತ್ತಿತ್ತು. ಹೆಂಡತಿಗೆ ಆಗ ಮೂರನೆಯದೋ ನಾಲ್ಕನೆಯದೋ ತಿಂಗಳು. ಏಳುವಾಗ ಗೋಡೆ ಹಿಡಿದು ಏಳುತ್ತಿದ್ದಳು.

ಸಾಮಾನಿಗೆ ನಮಗೆ ಗತಿ ಎಂದರೆ ಕನ್ನಡದವರ ಒಂದು ವಾಟ್ಸಾಪ್ ಗುಂಪು. ಬೇಡವಾದದ್ದನ್ನು ಟಿಪ್ಪಿಗೆ, ಎಂದರೆ ಊರಾಚೆಯ ಕಸದ ಮೈದಾನಕ್ಕೆ, ಸುರಿಯಬೇಡಿ, ನಮ್ಮವರಿಗೇ ಉಚಿತವಾಗಿ ಕೊಡಿ, ಭೂಮಿಗೆ ಭಾರ ಕಡಿಮೆ ಮಾಡಿ ಎಂಬುದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಅದರಿಂದ ನಮಗೆ ಗ್ಯಾಸ್ಕೆಟ್ ಇಲ್ಲದ ಕುಕ್ಕರ್ ಬಂತು, ತಟ್ಟೆ ತಿರುಗದ ಮೈಕ್ರೋವೇವ್ ಬಂತು, ಒಂದು ಕಾಲಿಗೆ ರಟ್ಟು ಮಡಚಿ ಇಡಬೇಕಾದ ಟೀಪಾಯಿ ಬಂತು. ಪ್ರತಿಯೊಂದಕ್ಕೂ ನಾವು ಕೈಮುಗಿದ ಚಿತ್ರ ಕಳಿಸಿದೆವು. ಕೊಟ್ಟವರ ಗರಾಜು ಖಾಲಿಯಾಗುತ್ತಿತ್ತು, ಭೂಮಿ ಉಳಿಯುತ್ತಿತ್ತು, ಅವರ ಮನಸ್ಸೂ ಹಗುರಾಗುತ್ತಿತ್ತು. ನಮ್ಮ ಪಾಲಿಗೆ ಮೈಕ್ರೋವೇವ್ ಉಳಿಯುತ್ತಿತ್ತು. ಅದು ಕೆಟ್ಟ ದಿನ ಟಿಪ್ಪಿಗೆ ಹೊತ್ತುಕೊಂಡು ಹೋಗಬೇಕಾದವರು ನಾವು.

ಮಂಚದ ಫೋಟೋ ಮೊದಲು ನೋಡಿದ್ದು ಹೆಂಡತಿ. ಇದೊಂದರಲ್ಲಿ ನನಗೆ ಸಂಶಯವಿಲ್ಲ, ಯಾಕೆಂದರೆ ಆಮೇಲೆ ಅವಳೇ ಅದನ್ನು ಎಷ್ಟೋ ಸಲ ಹೇಳಿದ್ದಾಳೆ. ಅವಳು ಧಾರವಾಡದವಳು.

"ಇದು ನೋಡ್ರಿ. ಕಟಗಿ ಛಲೋ ಅದ. ಹಾಸಗಿನೂ ಕೊಡ್ತಾರಂತ."

"ಇಷ್ಟು ಒಳ್ಳೆ ಮಂಚ ಯಾರಾದ್ರೂ ಫ್ರೀ ಕೊಡ್ತಾರಾ? ಏನೋ ಪ್ರಾಬ್ಲಮ್ ಇರುತ್ತೆ."

"ಮೈಸೂರವ್ರಿಗೆ ಎಲ್ಲಾದ್ರಾಗೂ ಸಂಶಯ. ಫೋನ್ ಹಚ್ರಿ ಮೊದಲ, ಯಾರರ ಒಯ್ದುಬಿಟ್ಟಾರು."

ಆಫೀಸಿಗೆ ಹೋಗಿ ಫೋನ್ ಮಾಡಿದೆ. ವಯಸ್ಸಾದ ಹೆಂಗಸಿನ ದನಿ, ಬೆಂಗಳೂರಿನ ಕನ್ನಡ. ಮನೆ ಖಾಲಿ ಮಾಡುತ್ತಿದ್ದಾರೆ, ಮೆಲ್ಬರ್ನ್‌ನಲ್ಲಿ ಮಗನ ಮನೆಗೆ ಹೋಗುತ್ತಾರೆ, ಅಲ್ಲಿ ಅಪಾರ್ಟ್‌ಮೆಂಟು, ಮಂಚಕ್ಕೆ ಜಾಗವಿಲ್ಲ. ನಾನು ನಮ್ಮ ಪರಿಸ್ಥಿತಿ ಹೇಳಿದೆ, ಹೆಂಡತಿ ಬಸುರಿ ಎಂದೂ ಹೇಳಿದೆ. ಅವರು ಯಾವ ಊರು ಎಂದು ಕೇಳಿದರು, ಯಾವ ಪೈಕಿ ಎಂದು ಕೇಳಿದರು. ಬ್ರಾಹ್ಮಣರು ಎಂದೆ. ಜನಿವಾರ ತೆಗೆದಿಟ್ಟು ವರ್ಷಗಳಾಗಿದ್ದವು, ಮಂಚಕ್ಕೋಸ್ಕರ ಅದನ್ನು ಮತ್ತೆ ಹಾಕಿಕೊಂಡಂತಾಯಿತು. ಗೋತ್ರದ ಪ್ರಶ್ನೆ ಬಂದಿದ್ದರೆ ಇಲ್ಲೇ ಬಂದಿರಬೇಕು. ಬಂದಿತ್ತು ಎನ್ನುವುದಕ್ಕೆ ನನ್ನಲ್ಲಿರುವ ಆಧಾರವೆಂದರೆ ಸಿಟ್ಟು. ದೇಶ ಬಿಟ್ಟು ಬಂದರೂ ಇವರ ವಿಚಾರಣೆ ತಪ್ಪಲಿಲ್ಲವಲ್ಲ ಎಂಬ ಸಿಟ್ಟು. ಆದರೆ ಅಷ್ಟು ಸಿಟ್ಟಿಗೆ "ಯಾವ ಪೈಕಿ" ಎಂಬ ಮಾತೊಂದೇ ಸಾಕಾಗಿತ್ತು.

"ಮಂಗಳವಾರ ಬನ್ನಿ. ಮಧ್ಯಾಹ್ನದೊಳಗೆ."

"ಆಂಟಿ, ಆಫೀಸ್ ಇರುತ್ತೆ. ಶನಿವಾರ ಬಂದ್ರೆ?"

"ಆಗಲ್ಲಪ್ಪ. ತಗೊಳೋ ಹಾಗಿದ್ರೆ ಅವತ್ತೇ ಬನ್ನಿ. ಊಟ ಇಲ್ಲೇ ಮಾಡ್ಕೊಂಡು ಹೋದ್ರಾಯ್ತು."

ರಜೆ ಹಾಕಿ, ವ್ಯಾನಿನ ಜೊತೆ ಬರುವ ಒಬ್ಬ ಪಂಜಾಬಿಯನ್ನು ಗೊತ್ತು ಮಾಡಿಕೊಂಡು ಹೋದೆ. ಮನೆ ನಮ್ಮ ಯೂನಿಟ್ಟಿನಿಂದ ದೂರವಿರಲಿಲ್ಲ. ಹೆಂಡತಿ ಬರಲಿಲ್ಲ, ಭಾರ ಎತ್ತುವ ಕೆಲಸ ಎಂದು ನಾನೇ ಬೇಡವೆಂದಿದ್ದೆ. ವ್ಯಾನಿನವನು ಹೊರಗೆ ಫೋನಿನಲ್ಲಿ ಮಾತಾಡುತ್ತ ನಿಂತ. ಅಂದರೆ ಒಳಗೆ ನಡೆದದ್ದಕ್ಕೆ ನಮ್ಮ ಕಡೆಯಿಂದ ನಾನೊಬ್ಬನೇ ಸಾಕ್ಷಿ. ನನ್ನಂಥ ಸಾಕ್ಷಿಯನ್ನು ಯಾವ ಕೋರ್ಟೂ ನಂಬಲಿಕ್ಕಿಲ್ಲ.

ಮಂಚ ಹಾಸಿಯೇ ಇತ್ತು. ಇದು ನಿಜ, ಯಾಕೆಂದರೆ ಆಮೇಲೆ ಅದನ್ನೆಲ್ಲ ತೆಗೆಯುವ ಕೆಲಸ ನನಗೆ ಬಿತ್ತು. ಕೊಟ್ಟುಬಿಡುವ ಮಂಚಕ್ಕೆ ಇಷ್ಟು ನೀಟಾಗಿ ಹೊಸ ಚಾದರ ಹಾಸಿ, ದಿಂಬಿಟ್ಟು, ಕಾಲ ಬಳಿ ರಗ್ಗು ಮಡಚಿಟ್ಟಿದ್ದಾರಲ್ಲ, ಈಗ ಇದನ್ನೆಲ್ಲ ಬಿಚ್ಚಬೇಕಲ್ಲ ಎಂದು ಬೇಜಾರಾಗಿತ್ತು. ಮಂಚದ ಪಕ್ಕ ನೆಲದ ಮೇಲೆ ಒಂದು ಛತ್ರಿ, ಗಂಡಸಿನ ಹೊಸ ಚಪ್ಪಲಿ, ಸ್ಟೀಲಿನ ಚೊಂಬು ಲೋಟ, ಟಾರ್ಚು. ಕಾಲಿನ ಮೇಲೆ ನಿಲ್ಲುವ ಒಂದು ಫ್ಯಾನ್. ಬೇಸಿಗೆಯಾದ್ದರಿಂದ ಫ್ಯಾನ್ ಕಂಡು ಖುಷಿಯಾಯಿತು.

"ಇದೆಲ್ಲ ಸೇರಿಸಿಯೇ," ಎಂದರು ಅವರು.

"ಒಳ್ಳೇದಾಯ್ತು ಆಂಟಿ."

"ಒಂದ್ಸಲ ಕೂತು ನೋಡಿ. ಗಟ್ಟಿಯಿದೆಯಾ ಅಂತ."

ಕೂತೆ. ಗಟ್ಟಿಯಾಗಿತ್ತು. ಅವರು ಎಲೆ ಅಡಿಕೆ ಬಾಳೆಹಣ್ಣು ತಂದು ನನ್ನ ಕೈಯಲ್ಲಿಟ್ಟರು. ಅವರ ಕೈ ಒದ್ದೆಯಾಗಿತ್ತು. ಅಡುಗೆಮನೆಯಿಂದ ಬಂದವರ ಕೈ ಒದ್ದೆಯಿರುವುದು ದೊಡ್ಡ ವಿಷಯವಲ್ಲ. ಆದರೂ ಆ ಒದ್ದೆ ನನ್ನ ಅಂಗೈಯಲ್ಲಿ ಇಂದಿಗೂ ಇದೆ. ಅದನ್ನು ಅಂದೇ ಗಮನಿಸಿದೆನೋ, ಆಮೇಲೆ ಅಮ್ಮ ಹೇಳಿದ ಮೇಲೆ ಅಂಗೈ ಒದ್ದೆ ಮಾಡಿಕೊಂಡೆನೋ ಹೇಳಲಾರೆ. ಅವರ ಹಣೆಯಲ್ಲಿ ಕುಂಕುಮ ಇತ್ತೇ? ಎಷ್ಟು ಪ್ರಯತ್ನಪಟ್ಟರೂ ಆ ಜಾಗದಲ್ಲಿ ಏನೂ ಕಾಣುವುದಿಲ್ಲ, ಕುಂಕುಮವೂ ಇಲ್ಲ, ಖಾಲಿ ಹಣೆಯೂ ಇಲ್ಲ. ಮೂವತ್ತು ದಾಟಿದ ಮಗ ಮನೆಯೊಳಗೇ ಕ್ರಿಕೆಟ್ ಟೋಪಿ ಹಾಕಿಕೊಂಡು ಓಡಾಡುತ್ತಿದ್ದ. ಈ ದೇಶದಲ್ಲಿ ಯಾರು ಬೇಕಾದರೂ ಎಲ್ಲಿ ಬೇಕಾದರೂ ಟೋಪಿ ಹಾಕಿಕೊಳ್ಳುತ್ತಾರೆ. ಮನೆಯ ಯಜಮಾನರು ಎಲ್ಲಿ ಎಂದು ನಾನು ಕೇಳಲಿಲ್ಲ. ಕೆಲಸಕ್ಕೆ ಹೋಗಿರಬಹುದು ಎಂದುಕೊಂಡಿದ್ದೆ, ಅಥವಾ ಏನನ್ನೂ ಅಂದುಕೊಂಡಿರಲಿಲ್ಲ.

ಊಟಕ್ಕೆ ವಡೆ ಪಾಯಸ ಇತ್ತು. ಎರಡು ಸಲ ಬಡಿಸಿಕೊಂಡೆ. ಎಲ್ಲವನ್ನೂ ವ್ಯಾನಿಗೆ ಸಾಗಿಸಿ ಬಾಗಿಲಿಗೆ ಬಂದು, "ಬರ್ತೀನಿ ಆಂಟಿ," ಎಂದೆ. ಹೋಗಿ ಬನ್ನಿ ಎನ್ನುತ್ತಾರೆ ಎಂದು ಒಂದು ಕ್ಷಣ ನಿಂತೆ. ಅವರು, "ಹೂಂ, ಆಯ್ತು," ಎಂದು ಬಾಗಿಲು ಹಾಕಿಕೊಂಡರು. ಇಷ್ಟು ವರ್ಷ ಇಲ್ಲಿದ್ದು ಮರ್ಯಾದೆ ಮರೆತಿದ್ದಾರೆ ಎಂದುಕೊಂಡೆ.

ಆ ಸಂಜೆ ಹೆಂಡತಿ ಮಂಚದ ಮೇಲೆ ಕೈಕಾಲು ಚಾಚಿ ಮಲಗಿದ್ದು, "ರಾಣಿ ಆದೆ ನೋಡ್ರಿ," ಎಂದದ್ದು ನೆನಪಿದೆ.

ಮಗು ಉಳಿಯಲಿಲ್ಲ. ಅದನ್ನು ವಿವರಿಸಲು ನನಗೆ ಇಷ್ಟವಿಲ್ಲ. ಡಾಕ್ಟರು, ನಮಗಿಂತ ಚಿಕ್ಕ ವಯಸ್ಸಿನ ಹೆಂಗಸು, ಇದು ಯಾರೂ ಮಾಡಿದ್ದಲ್ಲ, ಯಾರಿಂದಲೂ ತಡೆಯಲು ಆಗುತ್ತಿರಲಿಲ್ಲ ಎಂದು ನಿಧಾನವಾಗಿ ಹೇಳಿದರು. ನಾವು ತಲೆಯಾಡಿಸಿದೆವು. ಮನೆಗೆ ಬಂದು ಅವಳು ಅದೇ ಮಂಚದ ಮೇಲೆ ಮಲಗಿದಳು. ಮತ್ತೆಲ್ಲಿ ಮಲಗಬೇಕಿತ್ತು?

ಮುಂದೆ ನನಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಇಲ್ಲೇ ಕಾಯಂ ನೆಲೆಸಲು ಪಿಆರ್ ಬಂತು, ಮಾರ್ಟ್‌ಗೇಜ್ ಬಂತು, ವಿಂಡಮ್ ವೇಲ್‌ನಲ್ಲಿ ಹೊಸ ಬಡಾವಣೆಯ ಮನೆ ಬಂತು. ಸಿಡ್ನಿಯ ಸಾಮಾನೆಲ್ಲ ಅದೇ ವಾಟ್ಸಾಪ್ ಗುಂಪಿನಲ್ಲಿ ಹಂಚಿ ಹೋಯಿತು. ಕುಕ್ಕರನ್ನು ಗ್ಯಾಸ್ಕೆಟ್ ಹಾಕಿಸಿ ಕೊಟ್ಟೆವು. ಮಂಚ ಮಾತ್ರ ಲಾರಿಯಲ್ಲಿ ನಮ್ಮ ಜೊತೆ ಬಂತು, ಅಷ್ಟು ಗಟ್ಟಿ ಮಂಚ ಮತ್ತೆಲ್ಲಿ ಸಿಗಬೇಕು ಎಂದು. ಮಂಚದ ಜೊತೆ ಬಂದದ್ದು ಮಂಚದ ಜೊತೆಯೇ ಬಂತು.

ಅಮ್ಮ ಮೈಸೂರಿನಿಂದ ಬಂದದ್ದು ಆ ಮನೆಗೆ. ಒಂದು ಬೆಳಿಗ್ಗೆ ವಾಕಿಂಗಿಗೆ ಹೊರಟವರು ಮೋಡ ನೋಡಿ ಛತ್ರಿ ಕೇಳಿದರು. ಗರಾಜಿನಲ್ಲಿದೆ ಎಂದೆ. ಛತ್ರಿಯ ಪಕ್ಕ, ನನ್ನ ಕಾಲಿಗೆ ದೊಡ್ಡದಾಗಿ ಹಾಕದೇ ಉಳಿದ ಚಪ್ಪಲಿ ಇತ್ತು. ಅಮ್ಮ ವಾಕಿಂಗಿಗೆ ಹೋಗದೆ ಒಳಗೆ ಬಂದು ಬೀನ್ಸಿನ ನಾರು ತೆಗೆಯುತ್ತ ಕೂತರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

"ಆ ಚಪ್ಪಲಿ ಯಾರದೋ?"

"ಮಂಚ ಕೊಟ್ಟರಲ್ಲ ಸಿಡ್ನೀಲಿ, ಅವರೇ ಕೊಟ್ಟಿದ್ದು."

"ಛತ್ರೀನೂ?"

"ಹೂಂ."

"ಈ ಚೊಂಬು?"

"ಎಲ್ಲ ಒಟ್ಟಿಗೇ ಅಮ್ಮ. ಫ್ಯಾನೂ ಕೊಟ್ರು. ಒಳ್ಳೆ ಜನ."

"ಮಂಚ ಕೊಡುವಾಗ ಹಾಸಿತ್ತಾ?"

"ಹಾಸಿತ್ತು. ಯಾಕೆ?"

ಅಮ್ಮ ಇನ್ನೊಂದು ಬೀನ್ಸ್ ಎತ್ತಿಕೊಂಡರು. ಹೆಂಡತಿ ಒಲೆಯ ಮುಂದಿದ್ದಳು. ತಿರುಗದೆಯೇ ಕೇಳಿದಳು.

"ಯಾಕ್ರಿ ಅತ್ತಿಯವ್ರ, ಏನಾತು?"

"ಏನಿಲ್ಲಮ್ಮ. ಸುಮ್ಮನೆ ಕೇಳಿದೆ."

"ಸುಮ್ಮನ ಯಾರೂ ಚಪ್ಪಲಿ ಕೇಳೂದಿಲ್ಲ. ಹೇಳ್ರಿ."

ಅಮ್ಮ ಹೇಳಲು ಸಾಕಷ್ಟು ಸತಾಯಿಸಿದರು. ಕೊನೆಗೆ ಹೇಳಿದರು. ಶಯ್ಯಾದಾನ. ಸತ್ತವರ ಹೆಸರಿನಲ್ಲಿ, ಕ್ರಿಯೆಯ ದಿನಗಳಲ್ಲಿ, ಹಾಸಿದ ಮಂಚವನ್ನು ದಾನ ಕೊಡುತ್ತಾರೆ. ಹೋದವರಿಗೆ ದಾರಿಯಲ್ಲಿ ಬಿಸಿಲಿಗೆ ಛತ್ರಿ, ಮುಳ್ಳಿಗೆ ಚಪ್ಪಲಿ, ಬಾಯಾರಿಕೆಗೆ ಚೊಂಬು, ಕತ್ತಲೆಗೆ ದೀಪ, ಸೆಕೆಗೆ ಬೀಸಣಿಗೆ. ತೆಗೆದುಕೊಳ್ಳುವ ಬ್ರಾಹ್ಮಣನ ಗೋತ್ರ ಕೇಳಿ, ಅವನನ್ನು ಮಂಚದ ಮೇಲೆ ಕೂರಿಸಿ, ಕೈಗೆ ನೀರು ಬಿಟ್ಟು ಕೊಡುತ್ತಾರೆ. ಊಟ ಹಾಕುತ್ತಾರೆ. ಹೊರಡುವಾಗ ಹೋಗಿ ಬನ್ನಿ ಎನ್ನುವುದಿಲ್ಲ. ಸತ್ತವರದೇನಿದೆಯೋ ಅದು ತೆಗೆದುಕೊಂಡವನ ಮೇಲೆ ಬರುತ್ತದೆ ಎಂದು ಹೆದರಿ ಊರಿನಲ್ಲಿ ಅದನ್ನು ತೆಗೆದುಕೊಳ್ಳುವವರೇ ಸಿಗುವುದಿಲ್ಲ. ತೆಗೆದುಕೊಂಡವರು ಜಪ ತಪ ಮಾಡಿ ಕಳೆದುಕೊಳ್ಳುತ್ತಾರೆ. ಸಂಸಾರಸ್ಥರು, ಅದರಲ್ಲೂ ಮನೆಯಲ್ಲಿ ಬಸುರಿ ಇರುವವರು…

ಅಮ್ಮ ಅಲ್ಲಿಗೆ ನಿಲ್ಲಿಸಿದರು. ಒಲೆಯ ಮೇಲೆ ಒಗ್ಗರಣೆ ಸೀದು ಹೋಯಿತು.

"ನಾನ್‌ಸೆನ್ಸ್," ಎಂದೆ ನಾನು. "ಸಿಡ್ನಿಯಲ್ಲಿ ಯಾರಮ್ಮ ಶಯ್ಯಾದಾನ ಕೊಡ್ತಾರೆ? ಬೇಡವಾದ ಮಂಚ, ಫ್ರೀ ಅಂತ ಹಾಕಿದ್ರು."

"ನಾನು ಹೌದು ಅಂತ ಹೇಳಿದ್ನೇನೋ? ಹಾಗೆ ಮಾಡ್ತಾರೆ ಅಂದೆ. ಊರಿಗೆ ಬಂದಾಗ ಒಂದು ಶಾಂತಿ ಮಾಡಿಸಿದ್ರೆ ಆಯ್ತು."

"ಶಾಂತಿ ಬ್ಯಾಡ ನನಗ," ಎಂದಳು ಹೆಂಡತಿ. ಅವಳ ದನಿ ಏರಿರಲಿಲ್ಲ. "ಆಕಿ ಗೊತ್ತಿದ್ದು ಕೊಟ್ಟಾಳೋ, ಗೊತ್ತಿಲ್ದ ಕೊಟ್ಟಾಳೋ, ಅಷ್ಟು ತಿಳೀಬೇಕು."

"ಡಾಕ್ಟರ್ ಹೇಳಿದ್ದು ಮರೆತೆಯಾ?"

"ಮರತಿಲ್ಲ. ನಾ ಮಂಚದಿಂದ ಆತು ಅಂತ ಅಂದ್ನೇನು? ಹೊಟ್ಟೀಲೆ ಇದ್ದಾಕಿ ಮನಿಗೆ ಒಬ್ಬಾಕಿ ಹಿಂಗ ಮಾಡ್ತಾಳೇನು ಅಂತ ಕೇಳಾಕತ್ತೀನಿ. ನಾ ಬಸುರಿ ಇದ್ದೀನಿ ಅಂತ ಆಕಿಗೆ ಹೇಳಿದ್ರೋ ಇಲ್ಲೋ?"

"ಹೇಳಿದ್ದೆ."

"ಮತ್ತ? ಹೋಗಿ ಕೇಳ್ರಿ. ಫೋಟೋ ತೋರಿಸಿದಾಕಿ ನಾನು. ಫೋನ್ ಹಚ್ರಿ ಅಂತ ಗಂಟುಬಿದ್ದಾಕಿ ನಾನು. ನಾನ ಆರಿಸಿಕೊಂಡೆನೋ, ಆಕಿ ನನಗ ಕೊಟ್ಟಳೋ, ಅದು ಗೊತ್ತಾಗಬೇಕು ನನಗ."

ಅಂದಿನಿಂದ ಅವಳು ಮಂಚದ ಮೇಲೆ ಮಲಗಲಿಲ್ಲ. ನಾನು ಹಟಕ್ಕೆ ಮಲಗಿದೆ.

ಆ ಹೆಂಗಸಿನ ನಂಬರ್ ಇನ್ನೂ ಇತ್ತು. ಮಗನ ಮನೆ ಬಾಕ್ಸ್ ಹಿಲ್‌ನಲ್ಲಿ, ಆಸ್ಪತ್ರೆಯ ಹತ್ತಿರದ ಎತ್ತರದ ಕಟ್ಟಡವೊಂದರಲ್ಲಿ. ಅಮ್ಮ ವಾಪಸ್ ಹೋದ ಮೇಲೆ, ಒಂದು ಭಾನುವಾರ ಹೋದೆ. ಊರಿನ ಈ ತುದಿಯಿಂದ ಆ ತುದಿಗೆ ನಾವು ಕಾರಿನಲ್ಲಿ ಹೋದೆವು. ನಾವು ಎಂದೆ, ಯಾಕೆಂದರೆ ಹೆಂಡತಿಯೂ ಬಂದಿದ್ದಳು.

"ಮೇಲೆ ಬಾ," ಎಂದೆ.

"ಬ್ಯಾಡ. ನಾ ಬಂದ್ರ ಆಕಿ ಅಂತಃಕರಣ ತೋರಸ್ತಾಳ. ನೀವ ಕೇಳಿಕೊಂಡ ಬರ್ರಿ."

ಬಾಗಿಲು ತೆಗೆದವನು ಮಗ. ಈಗ ಅವನ ತಲೆ ತುಂಬ ಕೂದಲಿತ್ತು. ಕೂದಲು ಏನನ್ನೂ ಹೇಳುವುದಿಲ್ಲ. ಆಂಟಿ ಕಾಫಿ ತಂದರು. ಹಣೆಯಲ್ಲಿ ಸಣ್ಣ ಕಪ್ಪು ಬೊಟ್ಟಿತ್ತು, ಅದೂ ಏನನ್ನೂ ಹೇಳಲಿಲ್ಲ.

"ಹೆಂಡತೀನ ಕರ್ಕೊಂಡು ಬರಲಿಲ್ವಾ?"

"ಅವಳಿಗೆ ಶಿಫ್ಟ್ ಇದೆ ಆಂಟಿ." ಕಿಟಕಿಯಿಂದ ಬಗ್ಗಿ ನೋಡಿದ್ದರೆ ನಮ್ಮ ಕಾರು ಕಾಣುತ್ತಿತ್ತು.

"ಮನೆ ಚಿಕ್ಕದು, ನೋಡ್ತಿದ್ದೀರಲ್ಲ. ಆದರೆ ಸಿಡ್ನಿ ಮನೆಯಿಂದ ಒಂದು ಚಮಚಾನೂ ನಾನು ಟಿಪ್ಪಿಗೆ ಹಾಕಲಿಲ್ಲ. ಸೋಫಾ ಕೊಟ್ಟೆ, ಫ್ರಿಜ್ ಕೊಟ್ಟೆ, ಅವರ ಕೋಟುಗಳನ್ನೂ ಕೊಟ್ಟೆ. ಇಲ್ಲಿ ಜನ ನೋಡಿ, ಒಳ್ಳೊಳ್ಳೆ ಸಾಮಾನು ತಂದು ರಸ್ತೆಗಿಡ್ತಾರೆ. ನನಗೆ ಹೊಟ್ಟೆ ಉರಿಯತ್ತೆ. ಮಂಚ ಹೇಗಿದೆ?"

"ಗಟ್ಟಿಯಾಗಿದೆ. ಆಂಟಿ, ನಾನು ಬಂದಾಗ ಅಂಕಲ್ ಇರಲಿಲ್ವಾ?"

"ಅವರು ತೀರಿಕೊಂಡಿದ್ರಲ್ಲ. ನಿಮಗೆ ಗೊತ್ತಿರಲಿಲ್ವಾ? ಗ್ರೂಪಲ್ಲಿ ಹಾಕಿದ್ರು, ಎಲ್ಲರಿಗೂ ಗೊತ್ತಿತ್ತು."

ನಾವು ಆ ಗುಂಪಿಗೆ ಸೇರಿದ್ದು ಅದರ ಮುಂದಿನ ವಾರವೋ ಏನೋ. ಗೊತ್ತಿದ್ದೇ ಬಂದಿದ್ದಾನೆ ಎಂದು ಅವರು ತಿಳಿದುಕೊಂಡಿರಬಹುದು ಎಂಬ ಯೋಚನೆ ನನಗೆ ಆವರೆಗೆ ಬಂದಿರಲಿಲ್ಲ. ಕಾಫಿ ಕುಡಿದೆ.

"ಛತ್ರಿ, ಚಪ್ಪಲಿ ಎಲ್ಲ ಕೊಟ್ರಲ್ಲ ಆಂಟಿ. ಅದೆಲ್ಲ ಯಾಕೆ ಅಂತ…"

"ಬೇಡ ಅಂದಿದ್ರೆ ಬಿಟ್ಟು ಹೋಗಬಹುದಿತ್ತಲ್ಲಪ್ಪ." ಅವರು ನಗುತ್ತಲೇ ಹೇಳಿದರು. "ಫ್ರೀ ಅಂದ ತಕ್ಷಣ ನೀವೂ ಎಲ್ಲ ವ್ಯಾನಿಗೆ ತುಂಬ್ಕೊಂಡ್ರಿ."

ಸೋಫಾದ ತುದಿಯಲ್ಲಿ ಕೂತಿದ್ದ ಮಗ ಫೋನಿನಿಂದ ತಲೆಯೆತ್ತಿದ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಗುಂಪಿನಲ್ಲಿ ಫೋಟೋ ಹಾಕಿದ್ದು ತಾನು, ನಾನು ಫೋನ್ ಮಾಡುವ ತನಕ ಅಮ್ಮನಿಗೆ ಅದು ಗೊತ್ತೇ ಇರಲಿಲ್ಲ ಎಂದ. ಬುಧವಾರ ಕ್ಲೀನಿಂಗಿನವರು ಬರುವವರಿದ್ದರು, ಅದಕ್ಕೇ ಮಂಗಳವಾರ ಎಂದ. ಅಪ್ಪನಿಗೆ ಸೇಲ್ ಕಂಡರೆ ಹುಚ್ಚು, ಗರಾಜಿನ ತುಂಬ ಪ್ಯಾಕು ಬಿಚ್ಚದ ಛತ್ರಿ ಚಪ್ಪಲಿಗಳೇ ಇದ್ದವು ಎಂದ.

"ಇಟ್ ವಾಸ್ ಜಸ್ಟ್ ಎ ಬೆಡ್, ಮೇಟ್," ಎಂದ.

ಎಲ್ಲವೂ ಸರಿಯಾಗಿತ್ತು. ಒಂದೊಂದಕ್ಕೂ ಒಂದೊಂದು ಸರಳ ಕಾರಣ. ಉಳಿದದ್ದು ಒಂದೇ.

"ಆಂಟಿ, ಅವತ್ತು ನೀವು ನನ್ನ ಗೋತ್ರ ಕೇಳಿದ್ರಾ?"

ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು.

"ಕೇಳಿರ್ತೀನಿ. ಯಾರನ್ನ ಕೇಳಲ್ಲ ನಾನು? ಅಭ್ಯಾಸ. ಯಾವುದು ನಿಮ್ಮದು?"

ಹೇಳಿದೆ.

"ಹೂಂ," ಎಂದರು.

ಈ ಸಲ ಕೇಳಿದ್ದು ಖಂಡಿತ. ಸೋಫಾದ ಮೇಲೆ, ಹಗಲು ಹೊತ್ತಿನಲ್ಲಿ, ಕಾಫಿಯ ಎದುರು ಅವರು ನನ್ನ ಗೋತ್ರ ಕೇಳಿದರು, ನಾನು ಹೇಳಿದೆ. ಅಂದಿನಿಂದ ಕಾರ್ ಪಾರ್ಕಿನ ದನಿಯೂ ಬಾಗಿಲಿನ ದನಿಯೂ ಈ ದನಿಯೇ ಆಗಿಬಿಟ್ಟಿವೆ. ಹೊಸದು ಹಳೆಯದರ ಮೇಲೆ ಕೂತುಬಿಟ್ಟಿತು. ಕೇಳಲು ಹೋಗದಿದ್ದರೆ ನೆನಪಾದರೂ ಉಳಿಯುತ್ತಿತ್ತೇನೋ.

"ಮಕ್ಕಳು?" ಎಂದರು.

"ಇಲ್ಲ ಆಂಟಿ."

"ಆಗ ಹೊಟ್ಟೇಲಿತ್ತಲ್ಲ?"

ಅದು ಅವರಿಗೆ ನೆನಪಿತ್ತು.

"ಉಳೀಲಿಲ್ಲ."

ಅವರು ಲೋಟವನ್ನು ಕೆಳಗಿಟ್ಟರು. ಎದ್ದು ಅಡುಗೆಮನೆಗೆ ಹೋದರು. ನಲ್ಲಿಯಲ್ಲಿ ನೀರು ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ಮಗ ಫೋನ್ ನೋಡುತ್ತಿದ್ದ. ಅವರು ಬಂದಾಗ ಕೈಯಲ್ಲಿ ಏನೂ ಇರಲಿಲ್ಲ, ಮುಖದಲ್ಲಿಯೂ ನಾನು ಓದಬಹುದಾದ್ದು ಏನೂ ಇರಲಿಲ್ಲ. ಪಶ್ಚಾತ್ತಾಪ ಇತ್ತೇ ಎಂದು ಹೆಂಡತಿ ಆಮೇಲೆ ಕೇಳಿದಳು. ಇತ್ತು ಎಂದು ಬರೆಯುವುದು ಸುಲಭ. ಗಂಡ ಸತ್ತ, ಮನೆ ಬಿಟ್ಟ, ಯಾರದೋ ಮಗು ಉಳಿಯಲಿಲ್ಲ ಎಂದು ಕೇಳಿದ ಹೆಂಗಸಿನ ಮುಖ ಅದು. ಅದರಲ್ಲಿ ಏನು ಬೇಕಾದರೂ ಕಾಣಬಹುದು.

"ಬರ್ತೀನಿ ಆಂಟಿ."

"ಹೋಗಿ ಬನ್ನಿ," ಎಂದರು. ಲಿಫ್ಟಿನ ತನಕ ಬಂದು ಇನ್ನೊಂದು ಸಲ ಹೇಳಿದರು. "ಹೋಗಿ ಬನ್ನಿ."

ಕಾರಿನಲ್ಲಿ ಹೆಂಡತಿ ಸೀಟ್ ಬೆಲ್ಟನ್ನು ಬಿಚ್ಚಿರಲೇ ಇಲ್ಲ.

"ಏನಂದ್ಲು?"

"ಕೇಳಿರ್ತೀನಿ ಅಂದ್ರು."

"ಇರ್ತೀನಿ ಅಂದ್ರ?"

"ನೆನಪಿಲ್ಲ ಅಂತ."

"ಆಕಿಗೆ ನೆನಪಿಲ್ಲ. ಆತು. ನೀವರ ಅಲ್ಲೇ ಇದ್ರಲ್ಲ, ನಿಮಗ?"

"ಕೇಳಿದ್ರು ಅನ್ಸತ್ತೆ."

"ಅನಸೂದು ಬ್ಯಾಡ. ಹೌದು ಅನ್ರಿ, ಇಲ್ಲ ಅನ್ರಿ."

ನಾನು ಕಾರು ಸ್ಟಾರ್ಟ್ ಮಾಡಿದೆ. ಮುಂದೆ ಟ್ರಾಮಿನ ಹಿಂದೆ ನಿಂತಿದ್ದಾಗ ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು. "ಜಗತ್ತಿನ ಎಲ್ಲಾದ್ರ ಮ್ಯಾಲೆ ಸಂಶಯ ಪಡ್ತೀರಿ. ಆ ಒಂದು ದಿನ ಪಟ್ಟಿದ್ರ ಆಗತಿತ್ತಲ್ಲ."

ಮಂಚ ಮನೆಯಿಂದ ಹೋಗಬೇಕು ಎಂದು ತೀರ್ಮಾನವಾಯಿತು. ಗುಂಪಿನಲ್ಲಿ ಹಾಕೋಣ, ಯಾರಾದರೂ ಹೊಸಬರಿಗೆ ಉಪಯೋಗವಾಗುತ್ತದೆ ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ಆ ಯೋಚನೆ ಬಿಟ್ಟೆ. ಕೌನ್ಸಿಲ್‌ನ ದೊಡ್ಡ ಕಸದ ಲಾರಿಯನ್ನು ಅವಳೇ ಬುಕ್ ಮಾಡಿದಳು. ಆ ದಿನ ಬೆಳಿಗ್ಗೆ ನಾನೇ ಮಂಚ ಬಿಚ್ಚಿ, ಹಲಗೆಗಳನ್ನೂ ಹಾಸಿಗೆಯನ್ನೂ ಮನೆಯ ಮುಂದಿನ ಹುಲ್ಲಿನ ಮೇಲೆ ಇಟ್ಟೆ. ಫ್ಯಾನ್, ಚೊಂಬು, ಲೋಟ, ಟಾರ್ಚು, ಚಪ್ಪಲಿ ಎಲ್ಲವೂ ಅಲ್ಲಿಗೆ ಬಂದವು.

ಈ ದೇಶದಲ್ಲಿ ಹುಲ್ಲಿನ ಮೇಲಿಟ್ಟದ್ದು ಲಾರಿ ಬರುವ ತನಕ ಉಳಿಯುವುದಿಲ್ಲ. ಯಾರಾದರೂ ಕಾರು ನಿಲ್ಲಿಸಿ ಹಾಕಿಕೊಂಡು ಹೋಗುತ್ತಾರೆ, ಅದರಿಂದ ಎಲ್ಲರಿಗೂ ಸಂತೋಷ. ಹೆಂಡತಿ ಒಂದು ರಟ್ಟಿನ ಮೇಲೆ ಮುರಿದಿದೆ ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಬರೆದು ಹಲಗೆಗೆ ಅಂಟಿಸಿದಳು. ಆಮೇಲೆ ಅದೂ ಸಾಲದೆಂದು ಹಿತ್ತಲಿನಿಂದ ಕುರ್ಚಿ ತಂದು ಅದರ ಪಕ್ಕ ಕೂತಳು. ಅಕ್ಕಪಕ್ಕದವರು ಕೆಲಸಕ್ಕೆ ಹೋಗುತ್ತ ಕೈಬೀಸಿದರು. ಅವಳೂ ಬೀಸಿದಳು.

ಹಿಂದೆ ಸಾಮಾನು ಹೇರುವ ತೆರೆದ ಗಾಡಿ, ಒಂದು ಯೂಟ್, ನಿಂತಿತು. ಎಳೆಯ ಜೋಡಿ. ಹುಡುಗಿ ಇಳಿದು ಹಲಗೆಯ ಮೇಲೆ ಕೈಯಾಡಿಸಿ, ಇದು ಮುರಿದಿಲ್ಲವಲ್ಲ, ತೆಗೆದುಕೊಳ್ಳಬಹುದೇ ಎಂದು ಕೇಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ನೋ," ಎಂದಳು ನನ್ನ ಹೆಂಡತಿ. "ಬೆಡ್ ಬಗ್ಸ್. ಸೋ ಮೆನಿ."

ಹುಡುಗಿ ಕೈ ಹಿಂದಕ್ಕೆಳೆದು ಜೀನ್ಸಿಗೆ ಒರೆಸಿಕೊಂಡಳು. ಥ್ಯಾಂಕ್ಸ್ ಹೇಳಿ ಹೋದರು.

ಲಾರಿ ಬಂತು. ಹಲಗೆ ಒಳಗೆ ಹೋಗಿ, ಕಬ್ಬಿಣದ ದವಡೆ ಮುಚ್ಚಿ, ಗಟ್ಟಿ ಮರ ಸಿಡಿಯುವ ಸದ್ದಾಯಿತು. ಇನ್ನು ಐವತ್ತು ವರ್ಷ ಬಾಳುವ ಮರ. ಅವಳು ಎದ್ದು ಕುರ್ಚಿ ಮಡಚಿದಳು.

"ಕೊಡೂದಂದ್ರ ಇದು," ಎಂದಳು. ನನಗೆ ಹೇಳಿದಳೋ ಲಾರಿಗೆ ಹೇಳಿದಳೋ.

ಅಂಗಡಿಯಿಂದ ಹೊಸ ಮಂಚ ತಂದಿದ್ದೇವೆ. ಅದರ ಮೇಲೆ ನಾನು ಮಲಗುತ್ತೇನೆ. ಅವಳು ಎದುರಿನ ಖಾಲಿ ಕೋಣೆಯಲ್ಲಿ ನೆಲದ ಮೇಲೆ ಚಾಪೆ ಹಾಸಿಕೊಳ್ಳುತ್ತಾಳೆ. ಬೆನ್ನಿಗೆ ಒಳ್ಳೆಯದು ಎನ್ನುತ್ತಾಳೆ. ಕಳೆದ ವಾರ ಆಫೀಸಿನ ಹೊರಗೆ ಮಳೆ ಹಿಡಿದಾಗ ಕಾರಿನ ಡಿಕ್ಕಿಯಲ್ಲಿ ಆ ಛತ್ರಿ ಸಿಕ್ಕಿತು. ಕಸದ ಜೊತೆ ಹಾಕಲು ಮರೆತಿದ್ದೆ. ಬಿಡಿಸಿ ಹಿಡಿದುಕೊಂಡು ನಡೆದೆ. ಒಳ್ಳೆಯ ಛತ್ರಿ. ಮನೆಗೆ ಹೋಗಿ ಹೇಳಲಿಲ್ಲ.

ಆ ಮಂಗಳವಾರ ಅವರು ನನ್ನ ಗೋತ್ರ ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ.